ಸೊಪ್ಪಿನ ಎಲೆಯಿಂದ ಹೊಲದ ಮಣ್ಣಿನ ಭಾರಲೋಹ ಪತ್ತೆ: ಫಲಿತಾಂಶ ತಾಳೆಯಾಗದಿದ್ದಾಗ ದೋಷ ಹುಡುಕುವ ಕ್ರಮ

ಬೆಂಗಳೂರಿನ ಕೊಳಚೆಯನ್ನೂ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಭಾಗದ ತ್ಯಾಜ್ಯವನ್ನೂ ಹೊತ್ತು, ಕೆಂಗೇರಿಯನ್ನು ಹಾದು, ಬಿಡದಿ ಸಮೀಪದ ಬೈರಮಂಗಲ ಕೆರೆಯನ್ನು ಸೇರುವ ವೃಷಭಾವತಿಯ ಇಕ್ಕೆಲಗಳಲ್ಲಿ ದಂಟು, ಪಾಲಕ್, ಕೊತ್ತಂಬರಿ, ಮೆಂತ್ಯ ಬೆಳೆಯುವ ರೈತರಿದ್ದಾರೆ. ಇಂಥ ಜಮೀನಿನ ಮಣ್ಣಿನಲ್ಲಿ ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ, ನಿಕ್ಕಲ್‌ಗಳು ಎಷ್ಟು ಸೇರಿವೆ, ಅವುಗಳಲ್ಲಿ ಎಷ್ಟು ಊಟದ ತಟ್ಟೆಯವರೆಗೆ ಬರುತ್ತವೆ ಎಂದು ತಿಳಿಯಲು ಸೊಪ್ಪನ್ನೇ ಸೂಚಕ ಬೆಳೆಯಾಗಿ ಬಳಸುವ ಪದ್ಧತಿ ಇದೆ. ಸೊಪ್ಪು ಬೇಗ ಬೆಳೆಯುತ್ತದೆ, ಹೆಚ್ಚು ನೀರನ್ನು ಹೀರಿ ಎಲೆಯ ಮೂಲಕ ಆವಿಯಾಗಿ ಬಿಡುತ್ತದೆ, ಆ ನೀರಿನೊಡನೆ ಬಂದ ಲೋಹ ಎಲೆಯಲ್ಲೇ ಉಳಿಯುತ್ತದೆ, ಮತ್ತು ನಾವು ತಿನ್ನುವುದೂ ಆ ಎಲೆಯನ್ನೇ. ಆದ್ದರಿಂದ ಪದ್ಧತಿಯ ತರ್ಕ ಸರಿಯಾಗಿಯೇ ಇದೆ.

ಪ್ರಯೋಗಾಲಯದ ವರದಿ ಕೈಗೆ ಬಂದಾಗ ಮಾತ್ರ ಗೊಂದಲ ಶುರುವಾಗುತ್ತದೆ. ಮಣ್ಣಿನ ಅಂಕಿ ಒಂದು ಹೇಳುತ್ತದೆ, ಎಲೆಯ ಅಂಕಿ ಇನ್ನೊಂದು ಹೇಳುತ್ತದೆ, ಪಕ್ಕದ ಜಮೀನಿನ ಫಲಿತಾಂಶ ಎರಡಕ್ಕೂ ಹೊಂದುವುದಿಲ್ಲ. ಅಂಥ ಸಂದರ್ಭದಲ್ಲಿ ರೈತನ ಬೆಳೆಯನ್ನು ಮಾರುಕಟ್ಟೆಯಿಂದ ಹೊರಗಿಡುವ ಮೊದಲು, ಅಥವಾ ಎಲ್ಲವೂ ಸುರಕ್ಷಿತ ಎಂದು ಸಹಿ ಹಾಕುವ ಮೊದಲು, ವ್ಯತ್ಯಾಸ ಎಲ್ಲಿಂದ ಬಂತು ಎಂದು ಕ್ರಮವಾಗಿ ಹುಡುಕಬೇಕಾಗುತ್ತದೆ. ಮಾದರಿ ಸಂಗ್ರಹಿಸುವ ಕೃಷಿ ವಿದ್ಯಾರ್ಥಿಗಳು, ರೈತ ಉತ್ಪಾದಕ ಕಂಪನಿಗಳ ಗುಣಮಟ್ಟ ನೋಡಿಕೊಳ್ಳುವವರು ಮತ್ತು ತಮ್ಮ ಜಮೀನಿನ ವರದಿಯನ್ನು ತಾವೇ ಓದಿ ಅರ್ಥಮಾಡಿಕೊಳ್ಳಬಯಸುವ ರೈತರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕ್ರಮವನ್ನು ಬರೆದಿದ್ದೇನೆ.

ಹುಡುಕಾಟಕ್ಕೆ ಮುನ್ನ: ಎಲ್ಲ ಲೋಹಗಳನ್ನೂ ಒಂದೇ ರೀತಿ ಓದಬಾರದು

ಬಹುಪಾಲು ತಪ್ಪು ತೀರ್ಮಾನಗಳ ಮೂಲ ಇಲ್ಲಿದೆ. ಕ್ಯಾಡ್ಮಿಯಂ ಬೇರಿನೊಳಗೆ ಪ್ರವೇಶಿಸುವುದು ಸತು, ಕಬ್ಬಿಣ, ಕ್ಯಾಲ್ಸಿಯಂಗಳಿಗಾಗಿ ಗಿಡ ಇಟ್ಟುಕೊಂಡ ದಾರಿಗಳಿಂದಲೇ. ಒಳಗೆ ಹೋದ ಮೇಲೆ ಅದು ಸುಲಭವಾಗಿ ಎಲೆಗೆ ಏರುತ್ತದೆ. ಸೀಸ ಹಾಗಲ್ಲ. ಅದು ಬೇರಿನ ಕೋಶಭಿತ್ತಿಗೆ ಅಂಟಿಕೊಂಡು, ಫಾಸ್ಫೇಟಿನೊಡನೆ ಸೇರಿ ಗಟ್ಟಿಯಾಗಿ, ಬಹುಪಾಲು ಬೇರಿನಲ್ಲೇ ನಿಂತುಬಿಡುತ್ತದೆ. ಕ್ರೋಮಿಯಂ ಕೂಡ ಹೆಚ್ಚಾಗಿ ಬೇರಿನಲ್ಲೇ ಉಳಿಯುತ್ತದೆ. ಸತು, ತಾಮ್ರ, ನಿಕ್ಕಲ್‌ಗಳು ಎಲೆಗೆ ಏರುತ್ತವಾದರೂ, ತಿನ್ನುವವರಿಗೆ ಅಪಾಯವಾಗುವ ಮಟ್ಟ ಮುಟ್ಟುವ ಮೊದಲೇ ಸಾಮಾನ್ಯವಾಗಿ ಗಿಡವೇ ಸೊರಗುತ್ತದೆ. ಮಣ್ಣು ವಿಜ್ಞಾನಿ ರೂಫಸ್ ಚೇನಿ ಇದನ್ನು ಮಣ್ಣು ಮತ್ತು ಸಸ್ಯದ ನಡುವಿನ ತಡೆ ಎಂದು ವಿವರಿಸಿದರು. ಈ ತಡೆಯನ್ನು ದಾಟುವುದು ಕ್ಯಾಡ್ಮಿಯಂ. ಗಿಡಕ್ಕೆ ಏನೂ ಆಗಿರುವುದಿಲ್ಲ, ಎಲೆ ಮಾತ್ರ ಆಹಾರದ ಮಿತಿಯನ್ನು ಮೀರಿರುತ್ತದೆ.

ಆದ್ದರಿಂದ ಎಲೆಯ ಬಣ್ಣ ನೋಡಿ ಏನನ್ನೂ ತೀರ್ಮಾನಿಸಬಾರದು. ಕೊಳಚೆ ನೀರಿನಲ್ಲಿ ಸಾರಜನಕ ಧಾರಾಳವಾಗಿರುವುದರಿಂದ ಅದರಲ್ಲಿ ಬೆಳೆದ ಪಾಲಕ್ ಅಗಲವಾದ ಕಡುಹಸಿರು ಎಲೆ ಬಿಟ್ಟು, ನೋಡುವವರಿಗೆ ಅತ್ಯಂತ ಆರೋಗ್ಯಕರವಾಗಿ ಕಾಣುತ್ತದೆ. ಎಲೆ ಹಳದಿಯಾದದ್ದಕ್ಕೆ ಕಬ್ಬಿಣದ ಕೊರತೆಯಿಂದ ಹಿಡಿದು ನೀರು ನಿಂತದ್ದರವರೆಗೆ ಹತ್ತಾರು ಕಾರಣಗಳಿರಬಹುದು.

ಎಲೆಯ ಅಂಕಿ ಮಿತಿಯ ಹತ್ತು ಪಟ್ಟು ಬಂದಾಗ

ಗಾಬರಿಯಾಗುವ ಮೊದಲು ವರದಿಯ ತಲೆಬರಹ ಓದಬೇಕು: ಅಂಕಿ ಒಣ ತೂಕದ ಲೆಕ್ಕದ್ದೋ, ಹಸಿ ತೂಕದ ಲೆಕ್ಕದ್ದೋ? ಸೊಪ್ಪು ತರಕಾರಿಗಳಿಗೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ ಇಟ್ಟಿರುವ ಮಿತಿ ಒಂದು ಕಿಲೋಗ್ರಾಂ ಹಸಿ ಸೊಪ್ಪಿಗೆ ಸೀಸ 0.3 ಮಿಲಿಗ್ರಾಂ, ಕ್ಯಾಡ್ಮಿಯಂ 0.2 ಮಿಲಿಗ್ರಾಂ. ಪ್ರಯೋಗಾಲಯವಾದರೋ ಎಲೆಯನ್ನು ಒಣಗಿಸಿ ಪುಡಿ ಮಾಡಿ ಅಳೆಯುವುದರಿಂದ ಅನೇಕ ವೇಳೆ ಒಣ ತೂಕದ ಅಂಕಿಯನ್ನೇ ಕೊಡುತ್ತದೆ. ಪಾಲಕ್‌ನಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ನೀರೇ ಇರುವುದರಿಂದ ಎರಡು ಅಂಕಿಗಳ ನಡುವೆ ಹತ್ತು ಹನ್ನೆರಡು ಪಟ್ಟು ಅಂತರ ಸಹಜ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ, ಮತ್ತು ಅದು ನಮ್ಮ ಬಿಸಿಲಿನಲ್ಲಿ ಬಹಳ ಮುಖ್ಯವಾದದ್ದು. ಒಂದು ಪಾಲಕ್ ಮಾದರಿಯಲ್ಲಿ ಒಣ ತೂಕದ ಲೆಕ್ಕದಲ್ಲಿ ಕಿಲೋಗೆ 2.2 ಮಿಲಿಗ್ರಾಂ ಕ್ಯಾಡ್ಮಿಯಂ ಇದೆ ಎಂದಿಟ್ಟುಕೊಳ್ಳೋಣ. ಬೆಳಗಿನ ಜಾವ ಕೊಯ್ದು ಆಗಲೇ ತೂಗಿದ್ದರೆ, ನೀರಿನ ಅಂಶ ನೂರಕ್ಕೆ 92 ಎಂದು ಹಿಡಿದರೆ, ಹಸಿ ತೂಕದ ಲೆಕ್ಕದಲ್ಲಿ ಅದು 0.176 ಆಗುತ್ತದೆ, ಮಿತಿಯ ಒಳಗೇ ಇದೆ. ಅದೇ ಸೊಪ್ಪು ಮಧ್ಯಾಹ್ನದವರೆಗೆ ಗೋಣಿಚೀಲದಲ್ಲಿ ಬಾಡಿ, ನೀರಿನ ಅಂಶ ನೂರಕ್ಕೆ 88ಕ್ಕೆ ಇಳಿದ ಮೇಲೆ ಪ್ರಯೋಗಾಲಯದಲ್ಲಿ ತೂಗಿದರೆ ಅದು 0.264 ಆಗುತ್ತದೆ, ಮಿತಿ ದಾಟಿತು. ಎಲೆಯೊಳಗಿನ ಲೋಹ ಒಂದಿಷ್ಟೂ ಬದಲಾಗಿಲ್ಲ, ಬದಲಾದದ್ದು ನೀರು ಮಾತ್ರ. ಹೀಗಾಗಿ ಹಸಿ ತೂಕವನ್ನು ಮಡಿಯ ಪಕ್ಕದಲ್ಲೇ, ಕೊಯ್ದ ಕೂಡಲೇ, ತೂಗಿ ಬರೆದಿಡಬೇಕು. ಬರೆದಿಡದೆ ಹೋದರೆ ಒಣ ತೂಕದ ಅಂಕಿಯನ್ನು ಮಾತ್ರ ನಂಬಿ, ಹಸಿ ತೂಕಕ್ಕೆ ಪರಿವರ್ತಿಸುವಾಗ ತಾಜಾ ಸೊಪ್ಪಿನ ನೀರಿನ ಅಂಶವನ್ನು ಬೇರೆಯಾಗಿ ಅಳೆದು ಬಳಸಬೇಕು.

ಎಲೆಯಲ್ಲಿ ಸೀಸ ಹೆಚ್ಚು, ಮಣ್ಣಿನಲ್ಲಿ ಅಂಥದ್ದೇನೂ ಇಲ್ಲ

ಬೇರಿನಿಂದ ಸೀಸ ಎಲೆಗೆ ಏರುವುದು ಕಡಿಮೆಯಾದ್ದರಿಂದ, ಎಲೆಯಲ್ಲಿ ಸೀಸ ಕಂಡಾಗ ಮೊದಲು ಶಂಕಿಸಬೇಕಾದದ್ದು ಎಲೆಯ ಮೇಲ್ಮೈಯನ್ನು. ಪಾಲಕ್ ಮತ್ತು ಕೊತ್ತಂಬರಿ ನೆಲಕ್ಕೆ ಹತ್ತಿರ ಬೆಳೆಯುತ್ತವೆ. ಮಳೆ ಹನಿಯಾಗಲಿ ತುಂತುರು ನೀರಾಗಲಿ ಬಿದ್ದಾಗ ಸಿಡಿದ ಮಣ್ಣು ಎಲೆಯ ಅಡಿಭಾಗಕ್ಕೂ ತೊಟ್ಟಿನ ಬುಡಕ್ಕೂ ಅಂಟುತ್ತದೆ, ರಸ್ತೆಯ ಧೂಳು ಮೇಲಿನಿಂದ ಕೂರುತ್ತದೆ. ಕಿಲೋಗೆ 80 ಮಿಲಿಗ್ರಾಂ ಸೀಸವಿರುವ ಮಣ್ಣು, ಒಣಗಿಸಿದ ಎಲೆಯ ತೂಕದಲ್ಲಿ ನೂರಕ್ಕೆ ಐದು ಪಾಲು ಬೆರೆತರೆ, ಅದರಿಂದಲೇ ಒಣ ತೂಕದ ಲೆಕ್ಕದಲ್ಲಿ 4 ಮಿಲಿಗ್ರಾಂ, ಹಸಿ ತೂಕದ ಲೆಕ್ಕದಲ್ಲಿ ಸುಮಾರು 0.32 ಮಿಲಿಗ್ರಾಂ ಸೀಸ ಕಾಣಿಸಿಕೊಳ್ಳುತ್ತದೆ. ಗಿಡ ಒಂದು ಕಣ ಸೀಸವನ್ನೂ ಹೀರದೆ ಎಲೆ ಮಿತಿ ಮೀರಿತು.

ಪರೀಕ್ಷಿಸುವ ವಿಧಾನ ಸರಳ. ಒಂದೇ ಮಡಿಯಿಂದ ಕೊಯ್ದ ಸೊಪ್ಪನ್ನು ಮೂರು ಪಾಲು ಮಾಡಿ, ಒಂದನ್ನು ತೊಳೆಯದೆ, ಒಂದನ್ನು ಮನೆಯಲ್ಲಿ ಅಡುಗೆಗೆ ತೊಳೆಯುವಂತೆ ನಲ್ಲಿ ನೀರಿನಲ್ಲಿ, ಇನ್ನೊಂದನ್ನು ನಲ್ಲಿ ನೀರಿನ ನಂತರ ಬಟ್ಟಿ ಇಳಿಸಿದ ನೀರಿನಲ್ಲಿ ಎರಡು ಮೂರು ಬಾರಿ ತೊಳೆದು ಕಳುಹಿಸಬೇಕು. ತೊಳೆದಂತೆಲ್ಲ ಸೀಸ ಇಳಿಯುತ್ತ ಹೋಗಿ ಕ್ಯಾಡ್ಮಿಯಂ ಇದ್ದಲ್ಲೇ ಉಳಿದರೆ, ಸೀಸ ಹೊರಗಿನಿಂದ ಬಂದದ್ದು, ಕ್ಯಾಡ್ಮಿಯಂ ಒಳಗಿನದ್ದು. ದಂಟಿನ ಬುಡವನ್ನು ಬೆರಳಿನಿಂದ ಉಜ್ಜಿ ನೋಡಿದರೆ ಕೆಂಪು ಮಣ್ಣಿನ ತೆಳು ಪದರ ಎಷ್ಟೋ ಸಲ ಕಣ್ಣಿಗೇ ಕಾಣುತ್ತದೆ.

ತೊಳೆದರೂ ಮಣ್ಣಿನ ಕಣ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ವರದಿಯಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಅಂಕಿಗಳನ್ನೂ ಕೇಳಿ ಪಡೆಯಬೇಕು. ಇವಕ್ಕೆ ತಗಲುವ ಹೆಚ್ಚಿನ ಖರ್ಚು ಅಲ್ಪ, ಸಿಗುವ ಮಾಹಿತಿ ಅಮೂಲ್ಯ. ಕೆಮ್ಮಣ್ಣಿನಲ್ಲಿ ಕಬ್ಬಿಣ ನೂರಕ್ಕೆ ಕೆಲವು ಪಾಲಿನಷ್ಟಿದ್ದು, ಶುದ್ಧ ಎಲೆಯಲ್ಲಿ ಅದು ಒಣ ತೂಕದ ಕಿಲೋಗೆ ಸಾಮಾನ್ಯವಾಗಿ ಕೆಲವು ನೂರು ಮಿಲಿಗ್ರಾಂ ಮಾತ್ರ. ತೊಳೆದ ಎಲೆಯಲ್ಲೂ ಕಬ್ಬಿಣ ಸಾವಿರ ಮಿಲಿಗ್ರಾಂ ದಾಟಿದ್ದರೆ ಮಾದರಿಯಲ್ಲಿ ಮಣ್ಣು ಬೆರೆತಿದೆ ಎಂದೇ ತಿಳಿದು, ಸೀಸ ಮತ್ತು ಕ್ರೋಮಿಯಂ ಅಂಕಿಗಳನ್ನು ಬದಿಗಿಡಬೇಕು. ಟೈಟಾನಿಯಂ ಇನ್ನೂ ಒಳ್ಳೆಯ ಸಾಕ್ಷಿ, ಏಕೆಂದರೆ ಗಿಡ ಅದನ್ನು ಹೀರುವುದೇ ಇಲ್ಲವೆನ್ನುವಷ್ಟು ಕಡಿಮೆ. ಆದರೆ ನೈಟ್ರಿಕ್ ಆಮ್ಲದಲ್ಲಿ ಅದು ಪೂರ್ತಿ ಕರಗದು, ಆದ್ದರಿಂದ ಪುಡಿಯನ್ನು ಕರಗಿಸದೆಯೇ ಅಳೆಯುವ ಎಕ್ಸ್-ಕಿರಣ ಪ್ರತಿದೀಪ್ತಿ ಉಪಕರಣ ಇರುವಲ್ಲಿ ಮಾತ್ರ ಅದನ್ನು ಬಳಸಬಹುದು.

ಧೂಳು ಎಲ್ಲಿಂದ ಬಂತು ಎಂದು ತಿಳಿಯಲು ರಸ್ತೆಯಂಚಿನಿಂದ ಜಮೀನಿನೊಳಕ್ಕೆ ಒಂದು ಗೆರೆ ಎಳೆದು, ಅದರ ಉದ್ದಕ್ಕೂ ಮಾದರಿ ತೆಗೆಯಬೇಕು. ಸೀಸ ಬೆರೆಸಿದ ಪೆಟ್ರೋಲ್ ಭಾರತದಲ್ಲಿ 2000ದಲ್ಲಿ ನಿಂತರೂ, ಆವರೆಗೆ ಹೊಗೆಯೊಡನೆ ಬಂದು ಬಿದ್ದ ಸೀಸ ರಸ್ತೆಬದಿಯ ಮೇಲ್ಮಣ್ಣಿನಿಂದ ಎಲ್ಲಿಗೂ ಹೋಗಿಲ್ಲ. ಹತ್ತಿರದಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಕೆಲಸ ನಡೆಯುತ್ತಿದ್ದರೆ ಅಥವಾ ಹಿಂದೆ ನಡೆದಿದ್ದರೆ ಅದನ್ನು ಊರಿನ ಹಿರಿಯರನ್ನು ಕೇಳಿ ತಿಳಿಯಬೇಕು. ಯಾವ ಉಪಕರಣವೂ ಆ ಇತಿಹಾಸವನ್ನು ಹೇಳದು.

ಮಣ್ಣಿನಲ್ಲಿ ಕ್ಯಾಡ್ಮಿಯಂ ಇದೆ, ಎಲೆಯಲ್ಲಿ ಕಾಣುತ್ತಿಲ್ಲ

ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರದಿಂದ ಓದಬೇಕಾದ ಫಲಿತಾಂಶ ಇದು, ಏಕೆಂದರೆ ಎಲ್ಲರೂ ಇದನ್ನು ಶುಭ ಸುದ್ದಿ ಎಂದು ತಿಳಿದು ಕಡತ ಮುಚ್ಚಿಬಿಡುತ್ತಾರೆ.

ಮೊದಲು ಮಣ್ಣಿನ ಅಂಕಿ ಯಾವ ವಿಧಾನದ್ದು ಎಂದು ನೋಡಬೇಕು. ಗಟ್ಟಿ ಆಮ್ಲಗಳಲ್ಲಿ ಮಣ್ಣನ್ನು ಕುದಿಸಿ ಅಳೆದದ್ದು ಒಟ್ಟು ಲೋಹ. ಅದರ ಬಹುಭಾಗ ಗಿಡಕ್ಕೆ ಎಟುಕದ ರೂಪದಲ್ಲಿರಬಹುದು. ಮಣ್ಣು ವಿಜ್ಞಾನಿಗಳಾದ ಲಿಂಡ್ಸೆ ಮತ್ತು ನಾರ್ವೆಲ್ 1978ರಲ್ಲಿ ರೂಪಿಸಿದ, ಲೋಹವನ್ನು ಹಿಡಿದುಕೊಳ್ಳುವ ಡಿಟಿಪಿಎ ಎಂಬ ರಾಸಾಯನಿಕದ ದ್ರಾವಣದಲ್ಲಿ ತೆಗೆದದ್ದು ಗಿಡಕ್ಕೆ ಲಭ್ಯವಾಗಬಹುದಾದ ಪಾಲಿನ ಅಂದಾಜು. ನಮ್ಮ ಮಣ್ಣು ಪರೀಕ್ಷಾ ಕೇಂದ್ರಗಳಲ್ಲಿ ಸತು, ಕಬ್ಬಿಣ, ಮ್ಯಾಂಗನೀಸ್, ತಾಮ್ರಗಳಿಗೆ ಬಳಸುವುದು ಇದೇ ದ್ರಾವಣ. ಎಲೆಯ ಅಂಕಿಯನ್ನು ಒಟ್ಟು ಲೋಹದೊಡನೆ ಹೋಲಿಸಿದರೆ ತಾಳೆ ಸಿಗದಿರುವುದೇ ಹೆಚ್ಚು. ಎರಡೂ ಅಂಕಿಗಳನ್ನು ತರಿಸಿಕೊಳ್ಳಬೇಕು: ಒಟ್ಟು ಅಂಕಿ ಜಮೀನಿನಲ್ಲಿ ಜಮೆಯಾಗಿರುವುದನ್ನು ಹೇಳುತ್ತದೆ, ಡಿಟಿಪಿಎ ಅಂಕಿ ಈ ಹೊತ್ತಿಗೆ ಗಿಡದ ಕೈಗೆ ಸಿಗುವುದನ್ನು.

ನಂತರ ರಸಸಾರ (ಪಿಎಚ್) ನೋಡಬೇಕು. ಮಣ್ಣು ಹುಳಿಯಾದಷ್ಟೂ ಕ್ಯಾಡ್ಮಿಯಂ ಸಡಿಲಗೊಂಡು ಬೇರಿಗೆ ಸಿಗುತ್ತದೆ. ರಸಸಾರ 7ರ ಮೇಲಿದ್ದರೆ ಮಣ್ಣಿನ ಕಣಗಳಿಗೆ ಅಂಟಿಕೊಂಡೇ ಇರುತ್ತದೆ. ವರ್ಷಾನುಗಟ್ಟಲೆ ಕೊಳಚೆ ನೀರು ಕುಡಿದ ಮಣ್ಣಿನಲ್ಲಿ ನೀರಿನ ಬೈಕಾರ್ಬೋನೇಟ್ ಮತ್ತು ಸಾವಯವ ವಸ್ತು ಎರಡೂ ಸೇರಿ ಕ್ಯಾಡ್ಮಿಯಂ ಅನ್ನು ಹಿಡಿದಿಟ್ಟಿರುವುದುಂಟು. ಇಂದಿನ ಎಲೆ ಶುದ್ಧವಾಗಿ ಕಾಣುವುದು ಇದೇ ಕಾರಣಕ್ಕಿರಬಹುದು. ನಾಳೆ ಕೊಳಚೆ ನೀರು ನಿಂತು, ರೈತ ಕೊಳವೆಬಾವಿ ನೀರಿಗೂ ಯೂರಿಯಾ, ಅಮೋನಿಯಂ ಸಲ್ಫೇಟ್‌ಗಳಿಗೂ ಬದಲಾದರೆ, ಮಣ್ಣು ಕ್ರಮೇಣ ಹುಳಿಯಾಗಿ, ಸಾವಯವ ವಸ್ತು ಕರಗಿ, ಒಟ್ಟು ಲೋಹ ಒಂದಿಷ್ಟೂ ಹೆಚ್ಚದೆಯೇ ಎಲೆಯ ಅಂಕಿ ಏರಬಹುದು. ಇಂಥ ಜಮೀನನ್ನು ‘ಸದ್ಯಕ್ಕೆ ಹಿಡಿತದಲ್ಲಿದೆ’ ಎಂದು ಗುರುತಿಸಿ, ನೀರು ಅಥವಾ ಗೊಬ್ಬರ ಬದಲಾದಾಗಲೆಲ್ಲ ಮತ್ತೆ ಪರೀಕ್ಷಿಸಬೇಕು.

ಸತು ಹೆಚ್ಚಿರುವುದೂ ಕ್ಯಾಡ್ಮಿಯಂ ಅನ್ನು ಮರೆಮಾಡುತ್ತದೆ, ಬೇರಿನ ಬಾಗಿಲಲ್ಲಿ ಎರಡೂ ಪೈಪೋಟಿ ನಡೆಸುವುದರಿಂದ. ಕೊನೆಗೆ ಬೆಳೆಯನ್ನೂ ನೋಡಬೇಕು: ಸೂಚಕವಾಗಿ ಎಲೆಕೋಸು ಅಥವಾ ಹುರುಳಿಕಾಯಿ ಆರಿಸಿದ್ದರೆ ಕ್ಯಾಡ್ಮಿಯಂ ಕಾಣದಿರುವುದು ಆಶ್ಚರ್ಯವಲ್ಲ. ಪಾಲಕ್, ದಂಟು, ಲೆಟ್ಯೂಸ್, ಸಾಸಿವೆ ಸೊಪ್ಪು ಇವು ಹೆಚ್ಚು ಹೀರುವ ಗುಂಪಿನವು.

ಮಣ್ಣಿನಲ್ಲಿ ಕ್ಯಾಡ್ಮಿಯಂ ಕಡಿಮೆ, ಎಲೆಯಲ್ಲಿ ಹೆಚ್ಚು

ಮಾದರಿ ತೆಗೆದ ಜಾಗ ಒಂದೇನಾ ಎಂದು ಮೊದಲು ಕೇಳಬೇಕು. ಕಾಲುವೆ ನೀರು ಜಮೀನಿಗೆ ಒಳಬರುವ ಬಾಯಿಯ ಹತ್ತಿರ ಹೂಳು ಹೆಚ್ಚು ಕೂರುವುದರಿಂದ ಲೋಹವೂ ಅಲ್ಲೇ ಹೆಚ್ಚು ಜಮೆಯಾಗುತ್ತದೆ. ಕೊನೆಯ ಮಡಿಗಳಿಗೆ ಹೋಗುವಷ್ಟರಲ್ಲಿ ಕಡಿಮೆಯಾಗಿರುತ್ತದೆ. ಸೊಪ್ಪನ್ನು ಬಾಯಿಯ ಬಳಿ ಕೊಯ್ದು ಮಣ್ಣನ್ನು ಜಮೀನಿನ ನಡುವೆ ಅಗೆದಿದ್ದರೆ ಎರಡಕ್ಕೂ ಸಂಬಂಧವೇ ಇಲ್ಲ. ಕೊಯ್ದ ಗಿಡಗಳ ಬುಡದಿಂದಲೇ, 15 ಸೆಂಟಿಮೀಟರ್ ಆಳದವರೆಗೆ, ಹಲವು ಕಡೆಯ ಮಣ್ಣನ್ನು ಸೇರಿಸಿ ಒಂದು ಮಾದರಿ ಮಾಡಬೇಕು. ಬಾಯಿ, ನಡು, ಬಾಲ ಮೂರಕ್ಕೂ ಬೇರೆ ಬೇರೆ ಮಾದರಿ ಬೇಕು. ಬಾಯಿಯಿಂದ ಬಾಲಕ್ಕೆ ಅಂಕಿ ಇಳಿಯುತ್ತ ಹೋದರೆ ಲೋಹವನ್ನು ತಂದದ್ದು ನೀರು ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಜಮೀನಿನ ತುಂಬ ಸಮನಾಗಿ ಸ್ವಲ್ಪ ಸ್ವಲ್ಪ ಇದ್ದರೆ ಫಾಸ್ಫೇಟ್ ಗೊಬ್ಬರದ ಮೇಲೆ ಅನುಮಾನ ಪಡಬೇಕು, ಏಕೆಂದರೆ ಶಿಲಾರಂಜಕದಲ್ಲಿ ಸಹಜವಾಗಿಯೇ ಕ್ಯಾಡ್ಮಿಯಂ ಇರುತ್ತದೆ.

ಮಾದರಿ ಸರಿಯಾಗಿದ್ದೂ ಎಲೆಯ ಅಂಕಿ ಹೆಚ್ಚಿದ್ದರೆ, ಹುಳಿ ಮಣ್ಣು, ಸತುವಿನ ಕೊರತೆ, ಉಪ್ಪು ನೀರು ಈ ಮೂರನ್ನು ಪರೀಕ್ಷಿಸಬೇಕು. ನೀರಿನಲ್ಲಿ ಕ್ಲೋರೈಡ್ ಹೆಚ್ಚಿದ್ದಾಗ ಅದು ಕ್ಯಾಡ್ಮಿಯಂ ಜೊತೆ ಕೂಡಿ ಕರಗಿದ ಸ್ಥಿತಿಯಲ್ಲಿ ಉಳಿಸುವುದರಿಂದ, ಕಡಿಮೆ ಕ್ಯಾಡ್ಮಿಯಂ ಇರುವ ಮಣ್ಣಿನಿಂದಲೂ ಗಿಡ ಹೆಚ್ಚು ಹೀರುತ್ತದೆ. ಇಲ್ಲಿ ಎಲೆಯೇ ಸತ್ಯ ಹೇಳುತ್ತಿದೆ. ಮಣ್ಣಿನ ಒಟ್ಟು ಅಂಕಿಯನ್ನು ಮುಂದಿಟ್ಟುಕೊಂಡು ಎಲೆಯ ಅಂಕಿಯನ್ನು ತಳ್ಳಿಹಾಕುವುದು ತಿನ್ನುವವರಿಗೆ ಮಾಡುವ ಅನ್ಯಾಯ.

ತಾಮ್ರ, ಸತು, ಕ್ರೋಮಿಯಂ, ನಿಕ್ಕಲ್

ತಾಮ್ರ ಏಕಾಏಕಿ ಏರಿದ್ದರೆ ಮೈಲುತುತ್ತದ ಬೋರ್ಡೋ ದ್ರಾವಣವನ್ನೋ ಕಾಪರ್ ಆಕ್ಸಿಕ್ಲೋರೈಡನ್ನೋ ಇತ್ತೀಚೆಗೆ ಸಿಂಪಡಿಸಲಾಗಿದೆಯೇ ಎಂದು ಕೇಳಬೇಕು. ಮ್ಯಾಂಗನೀಸ್ ಮತ್ತು ಸತು ಎರಡೂ ಒಟ್ಟಿಗೆ ಏರಿದ್ದರೆ ಮ್ಯಾಂಕೋಜೆಬ್ ಎಂದು ಊಹಿಸಬಹುದು, ಆ ಶಿಲೀಂಧ್ರನಾಶಕದಲ್ಲಿ ಎರಡೂ ಲೋಹಗಳಿವೆ.

ಕ್ರೋಮಿಯಂ ಮತ್ತು ನಿಕ್ಕಲ್ ಜೊತೆಜೊತೆಯಾಗಿ ಏರಿದ್ದರೆ ಎರಡು ಪ್ರಶ್ನೆ. ಒಂದು, ಒಣ ಎಲೆಯನ್ನು ಸ್ಟೇನ್‌ಲೆಸ್ ಸ್ಟೀಲ್ ಬ್ಲೇಡಿನ ಮಿಕ್ಸಿಯಲ್ಲಿ ಪುಡಿ ಮಾಡಲಾಗಿದೆಯೇ? ಆ ಉಕ್ಕಿನಲ್ಲಿ ಕಬ್ಬಿಣದ ಜೊತೆ ಇವೆರಡೂ ಲೋಹಗಳಿರುತ್ತವೆ. ಅಗೇಟ್ ಅಥವಾ ಪಿಂಗಾಣಿ ಕುಟ್ಟಾಣಿ ಬಳಸಿ ಮತ್ತೆ ಪರೀಕ್ಷಿಸಬೇಕು. ಎರಡು, ಆ ನೆಲದ ಬಂಡೆಯೇ ಅಂಥದ್ದೇ? ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಶಿಲಾಪಟ್ಟಿಯಲ್ಲಿ, ಕ್ರೋಮೈಟ್ ಗಣಿಯಿದ್ದ ಬೈರಾಪುರದ ಸುತ್ತ, ಮಣ್ಣಿನ ಕ್ರೋಮಿಯಂಗೂ ನಿಕ್ಕಲ್‌ಗೂ ಯಾವ ಕಾರ್ಖಾನೆಯೂ ಕಾರಣವಲ್ಲ, ಅಡಿಯ ಕಲ್ಲೇ ಕಾರಣ. ಅದಕ್ಕಾಗಿಯೇ ಹೋಲಿಕೆಯ ಜಮೀನನ್ನು ಅದೇ ಮಣ್ಣಿನ ಜಾತಿಯಲ್ಲಿ, ಕೊಳಚೆ ನೀರು ಮುಟ್ಟದ ಕಡೆ, ಆರಿಸಬೇಕು. ಎಲ್ಲೋ ದೂರದ ಕಪ್ಪು ಮಣ್ಣಿನೊಡನೆ ಕೆಮ್ಮಣ್ಣನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ. ಎಲೆಕ್ಟ್ರೋಪ್ಲೇಟಿಂಗ್ ತ್ಯಾಜ್ಯ ಸೇರುವ ನೀರಿನಲ್ಲಿ ಕ್ರೋಮಿಯಂ ಇದೆಯೇ ಎಂಬುದನ್ನು ಸೊಪ್ಪಿನ ಎಲೆಯಿಂದ ತಿಳಿಯಲು ಹೊರಡಬಾರದು, ಅದಕ್ಕೆ ಬೇರು, ಮಣ್ಣು ಮತ್ತು ನೀರನ್ನೇ ಪರೀಕ್ಷಿಸಬೇಕು.

ಪ್ರಯೋಗಾಲಯದ ಕಡೆಯ ದೋಷ

ಸೀಸ ‘ಪತ್ತೆಯಾಗಿಲ್ಲ’ ಎಂದು ಬರೆದಿದ್ದರೆ ಪತ್ತೆಯ ಕೆಳಮಿತಿ ಎಷ್ಟು ಎಂದು ಕೇಳುವುದು ನಮ್ಮ ಹಕ್ಕು. ಮಿತಿಯ ಅಂಚಿನಲ್ಲಿರುವ ಪಾಲಕ್‌ನ ಒಂದು ಗ್ರಾಂ ಒಣ ಪುಡಿಯನ್ನು ಕರಗಿಸಿ 50 ಮಿಲಿಲೀಟರ್ ಮಾಡಿದರೆ ದ್ರಾವಣದಲ್ಲಿ ಲೀಟರಿಗೆ 0.075 ಮಿಲಿಗ್ರಾಂ ಸೀಸವಷ್ಟೇ ಇರುತ್ತದೆ. ಜ್ವಾಲೆ ಬಳಸುವ ಎಎಎಸ್ (ಪರಮಾಣುಗಳು ಹೀರುವ ಬೆಳಕಿನಿಂದ ಲೋಹ ಅಳೆಯುವ) ಉಪಕರಣ ಸೀಸವನ್ನು ನಂಬಲರ್ಹವಾಗಿ ಅಳೆಯುವ ಸಾಮರ್ಥ್ಯದ ಅಂಚು ಅದು. ಇನ್ನೂ ಕಡಿಮೆ ಪ್ರಮಾಣವನ್ನು ಅಳೆಯಬಲ್ಲ ಗ್ರಾಫೈಟ್ ಫರ್ನೇಸ್ ಅಥವಾ ಐಸಿಪಿ-ಎಂಎಸ್ ಉಪಕರಣ ಬೇಕಾಗುತ್ತದೆ. ಎಲೆಯನ್ನು ಹೆಚ್ಚು ಶಾಖದಲ್ಲಿ ಸುಟ್ಟು ಬೂದಿ ಮಾಡಿ ಕರಗಿಸಿದ್ದರೆ ಕ್ಯಾಡ್ಮಿಯಂ ಮತ್ತು ಸೀಸದ ಒಂದಂಶ ಆವಿಯಾಗಿ ಹೋಗಿರುವ ಸಾಧ್ಯತೆ ಇದೆ, ಆದ್ದರಿಂದ ಮುಚ್ಚಿದ ಪಾತ್ರೆಯಲ್ಲಿ ನೈಟ್ರಿಕ್ ಆಮ್ಲದಲ್ಲಿ ಕರಗಿಸುವುದು ಉತ್ತಮ. ಅಮೆರಿಕದ ನಿಸ್ಟ್ ಸಂಸ್ಥೆ ಕೊಡುವ ಪಾಲಕ್ ಎಲೆಯ ಪ್ರಮಾಣಿತ ಮಾದರಿ 1570ಎ ಯಲ್ಲಿ ಕ್ಯಾಡ್ಮಿಯಂ ಕಿಲೋಗೆ ಸುಮಾರು 2.9 ಮಿಲಿಗ್ರಾಂ ಇದೆ. ಅದನ್ನು ನಮ್ಮ ಮಾದರಿಗಳ ಜೊತೆ ಓಡಿಸಿ ಬಂದ ಅಂಕಿಯನ್ನು ವರದಿಯಲ್ಲಿ ತೋರಿಸುವ ಪ್ರಯೋಗಾಲಯವನ್ನು ನಂಬಬಹುದು.

ಮಾರುಕಟ್ಟೆಯಲ್ಲಿ ಕೊಂಡ ಸೊಪ್ಪಿನ ಕಟ್ಟಿನಿಂದ ಮಣ್ಣಿನ ಬಗ್ಗೆ ಏನನ್ನೂ ಹೇಳಲಾಗದು. ಯಾವ ಹೊಲದ್ದು, ದಾರಿಯಲ್ಲಿ ಯಾವ ನೀರು ಚಿಮುಕಿಸಿದ್ದು ಎಂಬುದು ತಿಳಿಯದ ಮಾದರಿ ಗ್ರಾಹಕರ ಆಹಾರದ ಬಗ್ಗೆ ಹೇಳಬಲ್ಲದೇ ಹೊರತು ಜಮೀನಿನ ಬಗ್ಗೆ ಅಲ್ಲ.

ಇಷ್ಟಾದರೂ ಕಾರಣ ತಿಳಿಯದಿದ್ದರೆ: ಕುಂಡದ ಪರೀಕ್ಷೆ

ಮಣ್ಣು, ನೀರು, ಗಾಳಿ ಮೂರನ್ನೂ ಬೇರ್ಪಡಿಸುವ ಖಚಿತ ದಾರಿ ಇದೊಂದೇ. ಅನುಮಾನವಿರುವ ಜಮೀನಿನ ಮಣ್ಣನ್ನು ಕುಂಡಗಳಲ್ಲಿ ತುಂಬಿ, ಧೂಳು ಬಾರದ ಕಡೆ ಇಟ್ಟು, ಶುದ್ಧ ನೀರು ಹಾಕಿ ಪಾಲಕ್ ಬೆಳೆಸಬೇಕು. ಅದರ ಪಕ್ಕದಲ್ಲೇ ಕೆಲವು ಕುಂಡಗಳಲ್ಲಿ ಅದೇ ಜಾತಿಯ ಶುದ್ಧ ಮಣ್ಣು ತುಂಬಿ ಕಾಲುವೆಯ ನೀರು ಹಾಕಬೇಕು. ಶುದ್ಧ ಮಣ್ಣು, ಶುದ್ಧ ನೀರಿನ ಕುಂಡಗಳಲ್ಲಿ ಕೆಲವನ್ನು ಜಮೀನಿನ ನಡುವೆ ಇಡಬೇಕು, ಕೆಲವನ್ನು ಹೋಲಿಕೆಗಾಗಿ ಧೂಳು ಬಾರದ ಅದೇ ಕಡೆ ಇಟ್ಟುಕೊಳ್ಳಬೇಕು. ಸತುವಿನ ಲೇಪವಿರುವ ಬಕೆಟ್ಟು, ಹಳೆಯ ತಗಡಿನ ಡಬ್ಬಗಳನ್ನು ಕುಂಡವಾಗಿ ಬಳಸಬಾರದು, ಪ್ಲಾಸ್ಟಿಕ್ ಸಾಕು. ಎಲ್ಲ ಕುಂಡಗಳಿಗೂ ಒಂದೇ ಚೀಲದ ಬೀಜ, ಒಂದೇ ದಿನದ ಬಿತ್ತನೆ, ಒಂದೇ ದಿನದ ಕಟಾವು ಇರಬೇಕು, ಏಕೆಂದರೆ ಎಳೆಯ ಎಲೆ ಮತ್ತು ಬಲಿತ ಎಲೆಗಳ ಲೋಹದ ಪ್ರಮಾಣ ಬೇರೆ, ಮೊದಲ ಕೊಯ್ಲು ಮತ್ತು ಮೂರನೆಯ ಕೊಯ್ಲಿನದ್ದೂ ಬೇರೆ.

ಜಮೀನಿನ ಮಣ್ಣಿನ ಕುಂಡದಲ್ಲಿ ಮಾತ್ರ ಕ್ಯಾಡ್ಮಿಯಂ ಏರಿದರೆ ಮಣ್ಣೇ ಮೂಲ. ಹೊಲದ ನಡುವೆ ಇಟ್ಟ ಕುಂಡದಲ್ಲಿ ಮಾತ್ರ ಸೀಸ ಏರಿದರೆ ಧೂಳು ಮೂಲ. ಕಾಲುವೆ ನೀರಿನ ಕುಂಡದಲ್ಲಿ ಒಂದೇ ಬೆಳೆಯಲ್ಲಿ ಹೆಚ್ಚಿನ ವ್ಯತ್ಯಾಸ ಕಾಣದಿರಬಹುದು, ನೀರಿನ ಲೋಹ ವರ್ಷಗಳಲ್ಲಿ ಜಮೆಯಾಗುವಂಥದ್ದು. ಆ ಕುಂಡವನ್ನು ಕಿತ್ತುಹಾಕದೆ ಮತ್ತೆ ಮತ್ತೆ ಬೆಳೆ ತೆಗೆದು ನೋಡಬೇಕು.

ಮೂಲ ಗೊತ್ತಾದ ಮೇಲೆ

ಧೂಳು ಮತ್ತು ಮಣ್ಣಿನ ಸಿಡಿತ ಕಾರಣವಾದರೆ ರಸ್ತೆಯಂಚಿಗೆ ಎತ್ತರದ ಬೇಲಿಸಾಲು, ಮಡಿಗೆ ಹುಲ್ಲಿನ ಹೊದಿಕೆ, ತುಂತುರಿನ ಬದಲು ಹನಿ ನೀರಾವರಿ, ಕೊಯ್ದ ಮೇಲೆ ಶುದ್ಧ ನೀರಿನ ತೊಳೆತ ಇಷ್ಟರಿಂದ ಬಹಳಷ್ಟು ಇಳಿಯುತ್ತದೆ. ಹುಳಿ ಮಣ್ಣಿನ ಕ್ಯಾಡ್ಮಿಯಂಗೆ ಮಣ್ಣು ಪರೀಕ್ಷೆಯ ಆಧಾರದ ಮೇಲೆ ಸುಣ್ಣ ಕೊಟ್ಟು ರಸಸಾರವನ್ನು 6.5ರಿಂದ 7ಕ್ಕೆ ತರಬೇಕು, ಕೊಟ್ಟಿಗೆ ಗೊಬ್ಬರ ಹೆಚ್ಚಿಸಬೇಕು, ಸತು ಕೊರತೆಯಿದ್ದರೆ ನೀಗಿಸಬೇಕು. ಸುಣ್ಣ ಲೋಹವನ್ನು ಕಟ್ಟಿಹಾಕುತ್ತದೆ, ತೆಗೆಯುವುದಿಲ್ಲ. ಹೀಗಾಗಿ ರಸಸಾರವನ್ನು ಕಾಲಕಾಲಕ್ಕೆ ಅಳೆಯುತ್ತಿರಬೇಕು. ಒಟ್ಟು ಕ್ಯಾಡ್ಮಿಯಂ ತೀರ ಹೆಚ್ಚಿರುವ ಮಡಿಗಳಲ್ಲಿ ಸೊಪ್ಪು ಬಿಟ್ಟು ಸೇವಂತಿಗೆ, ಕನಕಾಂಬರದಂಥ ಹೂವಿನ ಬೆಳೆಗೆ ಹೋಗುವುದು ರೈತನ ಆದಾಯವನ್ನೂ ತಿನ್ನುವವರ ಆರೋಗ್ಯವನ್ನೂ ಉಳಿಸುವ ದಾರಿ. ಹಾಗೆ ಬದಲಾಯಿಸುವ ಖರ್ಚನ್ನು ಕೊಳಚೆ ಬಿಟ್ಟವರು ಹೊರಬೇಕೇ ಹೊರತು, ಹಾಯಿಸಲು ಬೇರೆ ನೀರಿಲ್ಲದ ಜಮೀನಿನ ಒಡೆಯನಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸುಣ್ಣ ಹಾಕಿದ ಮಡಿಯ ಮೊದಲ ಬೆಳೆಯನ್ನು ನೋಡಿ ತೀರ್ಮಾನಿಸದೆ, ಸುಣ್ಣ ಮಣ್ಣಿನಲ್ಲಿ ಬೆರೆತು ಕೆಲಸ ಮಾಡಲು ಸಮಯ ಕೊಟ್ಟು ಎರಡನೆಯ ಬೆಳೆಯಲ್ಲಿ, ಅದೇ ತಳಿ, ಅದೇ ವಯಸ್ಸು, ಅದೇ ತೊಳೆಯುವ ಕ್ರಮದಲ್ಲಿ ಮಾದರಿ ತೆಗೆಯಬೇಕು. ಹಳೆಯ ಮಾದರಿಯ ಒಣ ಪುಡಿಯನ್ನು ಮುಚ್ಚಳ ಬಿಗಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹೆಸರು, ದಿನಾಂಕ, ಮಡಿಯ ಗುರುತು ಬರೆದು ಇಟ್ಟುಕೊಂಡಿದ್ದರೆ, ಹೊಸದರ ಜೊತೆಗೆ ಅದನ್ನೂ ಒಂದೇ ದಿನ ಒಂದೇ ಉಪಕರಣದಲ್ಲಿ ಅಳೆಯಿಸಿ ಹೋಲಿಸಬಹುದು.